ನನ್ನ ನೊರೆಹಾಲಿನ ಪ್ರತಾಪ

ಮನೆಗೆ ಸೊಸೆ ಬಂದರೆ ಅತ್ತೆಯ ಕೈಯಿಂದ ಸೌಟು ಹೋಗುತ್ತದೆ ಎಂದು ಕೇಳಿದ್ದೆ. ಮಾವನ ಕೈಯಿಂದ ಹಾಲಿನ ಬಟ್ಟಲು ಹೋಗುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ನಾನು ಎಸೆನಾಲಿ. ಶಾಲೆಯಲ್ಲಿ ಓದಿದ್ದು ಕಡಿಮೆ, ಬಯಲಲ್ಲಿ ತಿಳಿದದ್ದು ಜಾಸ್ತಿ. (ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲ.) ಮೋಡ ನೋಡಿ ಹಿಮ ಹೇಳಬಲ್ಲೆ, ಕೆಮ್ಮು ಕೇಳಿ ಕುರಿಯ ರೋಗ ಹೇಳಬಲ್ಲೆ. ಹಾಲಿನ ವಿಷಯದಲ್ಲಂತೂ ಈ ಬೆಟ್ಟದ ಸಾಲಿನಲ್ಲಿ ನನ್ನದೇ ಕಡೆಯ ಮಾತು. ಬೆಳಿಗ್ಗೆ ಗುಡಾರದ ಹೊರಗೆ ಕೂತು, ಕೆಚ್ಚಲಿನಿಂದ ಆಗತಾನೆ ಇಳಿದ ಬೆಚ್ಚನೆಯ ನೊರೆಹಾಲನ್ನು ಒಂದೇ ಉಸಿರಿಗೆ ಇಳಿಸಿ, ಮೀಸೆ ಒರೆಸಿಕೊಂಡು, "ಇದಪ್ಪಾ ಹಾಲು! ಬೆಂಕಿ ಮುಟ್ಟಿದ್ದು ಹಾಲಲ್ಲ, ಹಾಲಿನ ಹೆಣ" ಎಂದು ಘೋಷಿಸುವುದು ನನ್ನ ನಿತ್ಯಕರ್ಮ. ನನ್ನ ಹೆಂಡತಿ ಬುರುಲ್ ಬಟ್ಟಲು ತಂದು ಕೊಟ್ಟು, ಘೋಷಣೆ ಮುಗಿಯುವವರೆಗೆ ನಿಂತು, ಖಾಲಿ ಬಟ್ಟಲು ತೆಗೆದುಕೊಂಡು ಹೋಗುತ್ತಾಳೆ. ಇಂಥ ವಿಧೇಯ ಹೆಂಡತಿ ಪುಣ್ಯ ಮಾಡಿದವರಿಗೇ ಸಿಗುವುದು.

ಈ ಬೇಸಿಗೆ ಮಗ ಉರ್ಮಾತನ ಹೆಂಡತಿ ಕುಂದುಜ್ ಮಗಳನ್ನು ಕರೆದುಕೊಂಡು ಪಟ್ಟಣದಿಂದ ಹುಲ್ಲುಗಾವಲಿಗೆ ಬಂದಳು. ಮೊಮ್ಮಗಳು ಸಾಲ್ಕಿನ್‌ಗೆ ಐದು ವರ್ಷ. ಚಳಿಗಾಲವೆಲ್ಲಾ ಪಟ್ಟಣದ ಕಲ್ಲಿದ್ದಲ ಹೊಗೆ ಕುಡಿದು ಕೆಮ್ಮಿ ಕೆಮ್ಮಿ, ಕುತ್ತಿಗೆ ಹುಲ್ಲುಕಡ್ಡಿಯಷ್ಟಾಗಿತ್ತು. ಎತ್ತಿಕೊಂಡರೆ ಮಗುವಿನ ಭಾರಕ್ಕಿಂತ ಅವಳ ಅಂಗಿಯ ಭಾರವೇ ಜಾಸ್ತಿ. ಕುಂದುಜ್‌ಗೆ ಶಿಶುವಿಹಾರದಲ್ಲಿ ಕೆಲಸ. ಅವಳು ಶುಕ್ರವಾರದ ಲಾರಿಯಲ್ಲಿ ಹಿಂತಿರುಗುವುದು, ಸಾಲ್ಕಿನ್ ಹಿಮ ಬೀಳುವವರೆಗೆ ನಮ್ಮ ಜೊತೆ ಇರುವುದು ಎಂದು ಏರ್ಪಾಡು. ಆ ಏರ್ಪಾಡು ಕೇಳಿದ ದಿನ ನಾನು ಕುದುರೆಗೆ ಎರಡು ಸಲ ಮೇವು ಹಾಕಿದ್ದೆನಂತೆ. ನನಗೆ ನೆನಪಿಲ್ಲ.

ಬಂದ ಮರುದಿನವೇ ನನ್ನ ಬಟ್ಟಲಿನ ನೊರೆಹಾಲನ್ನು ಮಗುವಿನ ಬಾಯಿಯ ಹತ್ತಿರ ಒಯ್ದೆ. ಕುಂದುಜ್ ಗಾಳಿಯ ಹಾಗೆ ಬಂದು ಮಗುವನ್ನೇ ಎತ್ತಿಕೊಂಡು ಹೋದಳು.

ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಎತ್ತುವಂತಿಲ್ಲ, ಎದುರು ನಿಂತು ವಾದ ಮಾಡುವಂತಿಲ್ಲ. ಕುಂದುಜ್ ಈ ಸಂಪ್ರದಾಯವನ್ನು ಚಾಚೂ ತಪ್ಪದೆ ಪಾಲಿಸುತ್ತಾಳೆ. ನನಗೆ ಹೇಳಬೇಕಾದದ್ದನ್ನೆಲ್ಲಾ ಚಹಾ ಕಾಯಿಸುವ ಸಮೋವಾರಿಗೆ ಹೇಳುತ್ತಾಳೆ.

"ಸಮೋವಾರಪ್ಪಾ, ಮಗುಗೆ ಕಾಯಿಸಿದ ಹಾಲೇ ಕೊಡ್ಬೇಕು ಅಂತ ಡಾಕ್ಟ್ರು ಹೇಳಿದಾರೆ" ಎಂದಳು.

ನಾನೂ ಸೊಸೆಯ ಮುಖ ನೋಡಲಿಲ್ಲ. "ಸಮೋವಾರಪ್ಪಾ, ಆ ಡಾಕ್ಟ್ರು ಎಷ್ಟು ಹಸು ಸಾಕಿದಾನೆ ಕೇಳು" ಎಂದೆ.

"ಹಸು ಸಾಕಿಲ್ಲ. ಹಸಿ ಹಾಲು ಕುಡಿದು ಕೀಲುಜ್ವರ ಹಿಡಿದು ಮಲಗಿದೋರನ್ನ ಸಾಕಿದಾರೆ. ಹಸು ನೋಡೋಕೆ ದುಂಡಗಿದ್ರೂ ರೋಗ ಒಳಗಿರುತ್ತಂತೆ. ದೊಡ್ಡೋರು ಹೇಗೋ ತಡ್ಕೋತಾರೆ, ಮಕ್ಕಳು ತಡ್ಕೊಳಲ್ವಂತೆ."

"ನನಗೂ ಬಂದಿತ್ತು ಕೀಲುಜ್ವರ, ಪ್ರಾಯದಲ್ಲಿ! ಆಗ ನನ್ನನ್ನ ಎಬ್ಬಿಸಿ ಕೂರಿಸಿದ್ದೇ ಹಸಿ ಹಾಲು. ಅವತ್ತಿಂದ ದಿನಾ ಕುಡಿದು ಕಲ್ಲುಗುಂಡಿನ ಹಾಗಿದೀನಿ ಅಂತ ಹೇಳು."

ಸಮೋವಾರ್ ಬುಸ್ ಎಂದಿತು. ಬುರುಲ್ ಅದರ ಕಿವಿ ತಿರುವಿ ಚಹಾ ಬಗ್ಗಿಸಿಕೊಳ್ಳುತ್ತಾ, "ನಿಮ್ಮಿಬ್ಬರ ಜಗಳದಲ್ಲಿ ಪಾಪ ಇದರ ಹೊಟ್ಟೆ ಕುದೀತಿದೆ" ಎಂದಳಷ್ಟೇ. ಯಾರ ಪಕ್ಷವನ್ನೂ ವಹಿಸಲಿಲ್ಲ.

ಕುಂದುಜ್ ಕೊನೆಯ ಮಾತು ಮೆತ್ತಗೆ ಹೇಳಿದಳು. ಇವಳು ದನಿ ಎತ್ತದೆಯೇ ಕತ್ತು ಕೊಯ್ಯುವ ಜಾತಿ. "ಸಮೋವಾರಪ್ಪಾ, ಕಾಯಿಸದ ಹಾಲು ಒಂದು ಗುಟುಕು ಇವಳ ಬಾಯಿಗೆ ಬಿದ್ರೂ, ಶುಕ್ರವಾರದ ಲಾರೀಲಿ ನಾನೊಬ್ಬಳೇ ಹೋಗಲ್ಲ. ಇವಳೂ ಬರ್ತಾಳೆ. ನನಗೂ ಅದು ಇಷ್ಟ ಇಲ್ಲ. ಆದ್ರೂ ಬರ್ತಾಳೆ."

ಅವತ್ತು ನನಗೆ ರೊಟ್ಟಿ ಇಳಿಯಲಿಲ್ಲ. ಒಂದು ಕಡೆ ಮೊಮ್ಮಗಳು ಹೋಗಿಬಿಡುವ ಭಯ. ಇನ್ನೊಂದು ಕಡೆ ಆ ಕುತ್ತಿಗೆ. ಹಾಲು ಕುಡಿದ ಮಕ್ಕಳೇ ಬದುಕುವುದು ಕಷ್ಟವಾದ ಕಾಲದಲ್ಲಿ ಹಾಲಿನ ಹೆಣ ಕುಡಿದ ಮಗು ಹೇಗೆ ಬಲಿಯುತ್ತದೆ? ಯೋಚಿಸಿ ಯೋಚಿಸಿ ನನ್ನ ತಲೆಯಲ್ಲಿ ಮಹಾ ಉಪಾಯವೊಂದು ಉದಯಿಸಿತು: ಗುಟ್ಟಾಗಿ ಕುಡಿಸುವುದು. ಮಗುವಿನ ಕೆನ್ನೆ ಕೆಂಪೇರಿದ ಮೇಲೆ ಸತ್ಯ ಹೇಳುವುದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ನಾನು ಕಣ್ಣು ಮುಚ್ಚಿ ಕುಡಿಸಲು ಹೊರಟೆ.

ಬುಧವಾರ ಪಕ್ಕದ ಗುಡಾರದ ತಿನಿಬೆಕ್‌ನ ಮನೆಯಲ್ಲಿ ಉಣ್ಣೆ ಬಡಿದು ಕಂಬಳಿ ಮಾಡುವ ಕೆಲಸಕ್ಕೆ ಅತ್ತೆ ಸೊಸೆ ಇಬ್ಬರೂ ಹೋದರು. ಸಂಜೆ ಹಾಲು ಕರೆಯುವ ಹೊತ್ತಿಗೆ ಬರುತ್ತೇವೆಂದರು. ನಾನು, ಸಾಲ್ಕಿನ್, ಹಸುಗಳು ಉಳಿದೆವು. ದಾರಿ ನಿಷ್ಕಂಟಕ.

ಒಂದೇ ಒಂದು ಸಣ್ಣ ಅಡಚಣೆ. ಹಾಲಿನ ಬಗ್ಗೆ ಇಷ್ಟು ವರ್ಷ ಉಪನ್ಯಾಸ ಕೊಟ್ಟ ನಾನು ಜನ್ಮದಲ್ಲಿ ಒಂದು ಹಸುವಿನ ಕೆಚ್ಚಲು ಮುಟ್ಟಿದವನಲ್ಲ. ನಮ್ಮಲ್ಲಿ ಅದು ಹೆಂಗಸರ ಕೆಲಸ. ಗಂಡಸರದು ಕುದುರೆಯ ಮೇಲೆ ಕೂತು ದೂರ ನೋಡುವ ಕೆಲಸ. ಆದರೇನು, ಎರಡು ಬೆರಳಿನ ವಿದ್ಯೆ ತಾನೆ ಎಂದುಕೊಂಡೆ.

ನಮ್ಮ ಹಸು ಅಲಾ ಸಾಧು ಪ್ರಾಣಿ. ನಾನು ಬಗ್ಗಿ ಕೂತ ತಕ್ಷಣ ಹಿಂತಿರುಗಿ ನನ್ನನ್ನು ನೋಡಿತು. "ಇದೇನು ಈ ವಯಸ್ಸಿನಲ್ಲಿ" ಎನ್ನುವಂಥ ನೋಟ. ಆಮೇಲೆ ಒದೆಯಿತು. ಬಟ್ಟಲು ಒಂದು ಕಡೆ, ನನ್ನ ಟೋಪಿ ಇನ್ನೊಂದು ಕಡೆ.

"ತಾತ, ಅದಕ್ಕೆ ಅಜ್ಜಿ ಬೇಕು" ಎಂದಳು ಸಾಲ್ಕಿನ್.

"ಅಜ್ಜಿ ಇಲ್ಲವಲ್ಲ ಮರೀ."

"ನೀವೇ ಅಜ್ಜಿ ಆಗಿ."

ಮಕ್ಕಳ ಬಾಯಲ್ಲಿ ದೇವರು ಮಾತಾಡುತ್ತಾನೆ. ಒಳಗೆ ಹೋಗಿ ಬುರುಲ್‌ಳ ಹಳೆಯ ಕೋಟು ತೊಟ್ಟು, ಅವಳ ಬಿಳಿ ತಲೆವಸ್ತ್ರ ಸುತ್ತಿಕೊಂಡು, ಗಡ್ಡವನ್ನು ಅದರೊಳಗೆ ತುರುಕಿ ಬಂದೆ. ಸಾಲ್ಕಿನ್ ಕರುವನ್ನು ಬಿಟ್ಟಳು, ಅದು ಬಾಯಿ ಹಾಕಿ ಹಾಲಿಳಿಸಿತು, ಇಬ್ಬರೂ ಸೇರಿ ಅದನ್ನು ಎಳೆದೆವು. ಅಲಾ ನನ್ನ ತೋಳನ್ನು ಮೂಸಿ, ನಿಟ್ಟುಸಿರು ಬಿಟ್ಟು, ಸುಮ್ಮನೆ ನಿಂತಿತು. ನಂಬಿತೋ, ಕನಿಕರಪಟ್ಟಿತೋ ಗೊತ್ತಿಲ್ಲ. ಮೊದಲ ಧಾರೆ ನನ್ನ ತೋಳಿನೊಳಗೆ ಹೋಯಿತು. ಎರಡನೆಯದು ಕಣ್ಣಿಗೆ. ಆಮೇಲಿನ ಕೆಲವು ಎಲ್ಲಿಗೆ ಹೋದವೋ ಅಲಾಗೇ ಗೊತ್ತು. ಬೆನ್ನು ಬಿಲ್ಲಾಗಿ, ಬೆರಳು ಮರಗಟ್ಟಿ, ಕೊನೆಗೆ ಬಟ್ಟಲಿನ ತಳ ಮುಚ್ಚುವಷ್ಟು ಹಾಲು, ಅದರ ಮೇಲೆ ಚೂರು ನೊರೆ. ನನ್ನ ಕೈಯ ಮೊದಲ ಹಾಲು! ಕಣ್ಣು ತುಂಬಿತು. (ಅರ್ಧ ಸಂತೋಷಕ್ಕೆ, ಅರ್ಧ ಎರಡನೆಯ ಧಾರೆಗೆ.)

"ಕುಡಿ, ಚಿನ್ನಾ."

ಸಾಲ್ಕಿನ್ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡು, ನನ್ನ ಕಡೆಗೇ ಚಾಚಿದಳು. "ಮೊದಲು ದೊಡ್ಡೋರು. ಅಮ್ಮ ಹೇಳಿದಾಳೆ."

ನಮ್ಮ ಪದ್ಧತಿಯೇ ಅದು. ಹಿರಿಯರು ಬಾಯಿಗಿಡದೆ ಕಿರಿಯರು ಮುಟ್ಟಬಾರದು. ಸೊಸೆ ಮಗಳನ್ನು ಚೆನ್ನಾಗಿ ಬೆಳೆಸಿದ್ದಾಳೆಂದು ಒಳಗೇ ಮೆಚ್ಚಿ, ದೊಡ್ಡ ಗುಟುಕೊಂದನ್ನು ಬಾಯಿಗೆ ಬಿಟ್ಟೆ.

ಹಾಗೇ ನಿಂತುಬಿಟ್ಟೆ.

ಅದು ಹಾಲಲ್ಲ. ಕಾಡು ಈರುಳ್ಳಿಯ ವಾಸನೆ, ತೊಗಲಿನ ವಾಸನೆ, ಒದ್ದೆ ಕಂಬಳಿಯ ವಾಸನೆ. ನುಂಗಲೂ ಆಗದು, ಬಿಳಿ ಪದಾರ್ಥವನ್ನು ನೆಲಕ್ಕೆ ಉಗುಳುವುದು ನಮ್ಮಲ್ಲಿ ಪಾಪ. ಬಟ್ಟಲಿಗೇ ವಾಪಸು ಬಿಟ್ಟೆ.

"ಕೊಡಿ ತಾತ, ಈಗ ನನ್ನ ಸರದಿ."

"ಮುಟ್ಟಬೇಡ!" ನನ್ನ ಕೂಗಿಗೆ ಕರು ಬೆದರಿ ಓಡಿತು. ಅಲಾಗೆ ರೋಗ ಬಂದಿದೆ! ಇನ್ನೊಂದು ಕ್ಷಣವಾಗಿದ್ದರೆ ಈ ಕೈಯಿಂದಲೇ ಮಗುವಿಗೆ ವಿಷ ಕುಡಿಸುತ್ತಿದ್ದೆ. ಒಂದು ಕೈಯಲ್ಲಿ ಸಾಲ್ಕಿನ್, ಇನ್ನೊಂದರಲ್ಲಿ ಬಟ್ಟಲು ಹಿಡಿದು ತಿನಿಬೆಕ್‌ನ ಗುಡಾರದ ಕಡೆ ಓಡಿದೆ. ಅರ್ಧ ದಾರಿಯಲ್ಲಿ ಅವರೇ ಎದುರಾದರು. ಬುರುಲ್, ಕುಂದುಜ್, ಅವರನ್ನು ಬಿಡಲು ಬರುತ್ತಿದ್ದ ತಿನಿಬೆಕ್.

ತಿನಿಬೆಕ್ ಕುದುರೆ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಕ್ಕಾ, ನಮ್ಮ ಎಸೆನಾಲಿ ಮನೇಲಿದಾನಾ?"

ಆಗ ನನಗೆ ತಲೆವಸ್ತ್ರದ ನೆನಪಾಯಿತು. ಆದರೆ ಮಾನ ಮುಚ್ಚಿಕೊಳ್ಳುವ ಹೊತ್ತೇ ಅದು? "ಅಲಾಗೆ ಏನೋ ಆಗಿದೆ! ಹಾಲು ಕೆಟ್ಟಿದೆ! ಮಗು ಕುಡಿದಿಲ್ಲ, ಆಣೆಗೂ ಕುಡಿದಿಲ್ಲ" ಎಂದು ಒದರಿದೆ.

ಕುಂದುಜ್ ಮಗಳನ್ನು ಬಾಚಿಕೊಂಡಳು. ಬುರುಲ್ ಬಟ್ಟಲು ತೆಗೆದುಕೊಂಡು ಮೂಸಿದಳು. ನನ್ನನ್ನು ನೋಡಿದಳು. ಮತ್ತೆ ಮೂಸಿದಳು.

"ಇದಕ್ಕೇನಾಗಿದೆ? ಇದು ಹಸಿ ಹಾಲು."

"ಹಸಿ ಹಾಲು ನನಗೆ ಗೊತ್ತಿಲ್ವೇನೇ? ದಿನಾ ಕುಡಿಯೋನು ನಾನು!"

"ನೀನು ದಿನಾ ಕುಡಿಯೋದು ಕಾಯಿಸಿದ್ದು, ಮುದುಕಪ್ಪಾ."

"ಯಾವತ್ತಿಂದ?"

"ಉರ್ಮಾತ್ ಹೊಟ್ಟೇಲಿದ್ದ ವರ್ಷದಿಂದ."

ತಿನಿಬೆಕ್ ಕುದುರೆಯಿಂದ ಇಳಿದು ಆರಾಮಾಗಿ ನಿಂತ. ಇಂಥದ್ದನ್ನು ಮೇಲೆ ಕೂತು ಕೇಳಿದರೆ ಬಿದ್ದುಹೋಗುವ ಅಪಾಯವಿದೆ.

"ಸುಳ್ಳು! ಮತ್ತೆ ನೊರೆ?"

"ಎರಡು ಬಟ್ಟಲಲ್ಲಿ ಎತ್ತೆತ್ತಿ ಹೊಯ್ದರೆ ನೊರೆ ಬರದೆ ಏನು?"

"ಬೆಚ್ಚಗಿರ್ತಿತ್ತಲ್ಲ, ಕೆಚ್ಚಲ ಬಿಸಿ?"

"ಬೆರಳಿಟ್ಟು ನೋಡಿ ನೋಡಿ ಆರಿಸ್ತಿದ್ದೆ. ಜಾಸ್ತಿ ಬಿಸಿ ಇದ್ರೆ ನಿನಗೆ ಅನುಮಾನ ಬರುತ್ತಲ್ಲ."

ನನ್ನ ಹತ್ತಿರ ಇನ್ನೊಂದೇ ಅಸ್ತ್ರ ಉಳಿದಿತ್ತು. "ಒಂದೊಂದ್ಸಲ ಹುಲ್ಲಿನ ಎಸಳು ತೇಲ್ತಿತ್ತು. ಅದು?"

"ನಾನೇ ಹಾಕ್ತಿದ್ದೆ" ಎಂದಳು ಬುರುಲ್. "ಕುದಿಯೋ ನೀರಲ್ಲಿ ಅದ್ದಿ."

"ಅಲ್ಲಯ್ಯಾ," ಎಂದ ತಿನಿಬೆಕ್, "ದಿನಾ ರೊಟ್ಟಿಗೆ ಬಳ್ಕೊಂಡು ತಿಂತೀಯಲ್ಲ ಕೆನೆ, ಅದು ಎಲ್ಲಿಂದ ಬರ್ತಿತ್ತು ಅಂದ್ಕೊಂಡಿದ್ದೆ?"

ಕೆನೆ ಬೇರೆಯವರ ಪಾಲಿನ ಹಾಲಿಂದ, ನನ್ನ ಬಟ್ಟಲು ಮಾತ್ರ ನೇರ ಕೆಚ್ಚಲಿಂದ ಎಂದುಕೊಂಡಿದ್ದೆ. ಹೇಳಲಿಲ್ಲ. ಎಲ್ಲ ಹೇಳಿದರೆ ನಮ್ಮ ಹತ್ತಿರ ಏನು ಉಳಿಯುತ್ತದೆ?

"ಆ ವರ್ಷ ನಿನಗೆ ಕೀಲುಜ್ವರ," ಬುರುಲ್ ನನ್ನ ತಲೆವಸ್ತ್ರದ ಗಂಟು ಬಿಚ್ಚುತ್ತಾ ಹೇಳಿದಳು. "ನಾನು ಎತ್ತಿ ಕೂರಿಸಿದ್ರೆ ಮಾತ್ರ ಕೂರ್ತಿದ್ದೆ. ದನದ ಡಾಕ್ಟ್ರು ಬಂದು, ಹಾಲಿಂದಾನೇ ಬಂದದ್ದು, ಕಾಯಿಸಿ ಕುಡೀರಿ ಅಂದ. ಮಲಗಿದ್ದಲ್ಲಿಂದಲೇ ಚಪ್ಪಲಿ ಎಸೆದು ಓಡಿಸಿದೆ ಅವನನ್ನ. ನಾನು ಬಸುರಿ. ನಿನ್ನ ಜೊತೆ ವಾದ ಮಾಡಿ ಗೆಲ್ಲೋಕೆ ಒಂದು ಬೇಸಿಗೆ ಬೇಕು. ಹಾಲು ಕಾಯಿಸೋಕೆ ನಾಲ್ಕು ಬೆರಣಿ ಸಾಕು."

ಇಷ್ಟು ವರ್ಷ ಅವಳು ನನಗಿಂತ ಮುಂಚೆ ಏಳುತ್ತಿದ್ದಳು. ಇವಳಿಗೆ ನಿದ್ದೆ ಕಡಿಮೆ ಎಂದುಕೊಂಡಿದ್ದೆ. ನಾನು ಏಳುವ ಮೊದಲು ಕಾಯಿಸಿ, ಆರಿಸಿ, ನೊರೆ ಎಬ್ಬಿಸಿ, ಹುಲ್ಲು ತೇಲಿಸಿ, ಆಮೇಲೆ ನನ್ನ ಎದುರು ನಿಂತು "ಹಾಲಿನ ಹೆಣ" ಎಂಬ ಉಪನ್ಯಾಸ ಕೇಳುತ್ತಿದ್ದಳು. ನಗದೆ.

"ಒಂದು ದಿನವೂ ನಗು ಬರ್ಲಿಲ್ವಾ ನಿನಗೆ?"

"ಖಾಲಿ ಬಟ್ಟಲು ಯಾಕೆ ಅಷ್ಟು ಬೇಗ ತಗೊಂಡು ಒಳಗೆ ಹೋಗ್ತಿದ್ದೆ ಅಂದ್ಕೊಂಡೆ?"

ಕುಂದುಜ್ ಮುಖ ತಿರುಗಿಸಿಕೊಂಡು ನಿಂತಿದ್ದಳು. ಭುಜ ಕುಲುಕುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ನಾನು ಶುಕ್ರವಾರದ ಮಾತು ಎತ್ತುವ ಧೈರ್ಯ ಮಾಡಲಿಲ್ಲ. ಕುಡಿಸಲು ಹೊರಟದ್ದಂತೂ ನಿಜ, ಎಲ್ಲರಿಗೂ ಗೊತ್ತಾಗಿದೆ.

ಶುಕ್ರವಾರ ಲಾರಿ ಬಂತು. ಕುಂದುಜ್‌ಳ ಗಂಟು ಒಂದೇ ಇತ್ತು. ನಾನು ಎರಡನೆಯದನ್ನು ಹುಡುಕಿದೆ, ಕಾಣಲಿಲ್ಲ. ಅವಳು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗಿಯ ಗುಂಡಿ ಹಾಕಿದಳು. ಅಜ್ಜಿ ತಾತನ ಮಾತು ಕೇಳು ಎನ್ನುತ್ತಾಳೆಂದು ಕಾಯುತ್ತಿದ್ದೆ.

"ನಿನ್ನ ತಾತನನ್ನ ನಿನ್ನ ಕೈಲಿ ಬಿಟ್ಟು ಹೋಗ್ತಿದೀನಿ. ಹುಷಾರಾಗಿ ನೋಡ್ಕೋ" ಎಂದಳು.

ಈಗ ಆಷಾಢದ ಹುಲ್ಲಿಗೆ ಸಾಲ್ಕಿನ್‌ಳ ಕೆನ್ನೆ ತುಂಬುತ್ತಿದೆ. ಕುತ್ತಿಗೆಗೆ ಒಂದು ಮಡಿಕೆಯೂ ಬಂದಿದೆ. ಮೊನ್ನೆ ಮೇಲಿನ ಕಣಿವೆಯಲ್ಲಿ ಹೊಸದಾಗಿ ಗುಡಾರ ಹಾಕಿದವರ ಮನೆಗೆ ಹೋಗಿದ್ದೆವು. ನನ್ನ ಹಿರಿತನಕ್ಕೆ ತಕ್ಕ ಜಾಗ, ಬಾಗಿಲಿಗೆ ಎದುರು, ಎಲ್ಲರಿಗಿಂತ ಮೇಲೆ. ಮನೆಯಾಕೆ ಎರಡೂ ಕೈಯಲ್ಲಿ ಹಾಲಿನ ಬಟ್ಟಲು ತಂದಳು. ನಾನು ಕೈ ಚಾಚಿದೆ. ನಡುವೆ ಒಂದು ಪುಟ್ಟ ಅಂಗೈ ಬಂತು.

"ಅಜ್ಜೀ, ಇದು ಕಾದಿದೆಯಾ? ನಮ್ಮ ತಾತನಿಗೆ ಹಸಿ ಹಾಲು ಆಗಲ್ಲ."

ಮನೆಯಾಕೆ ಗಾಬರಿಯಾಗಿ ಪಾತ್ರೆಯನ್ನು ಒಲೆಗೆ ಇಟ್ಟಳು. ಗುಡಾರ ತುಂಬಾ ಜನ. ಹಾಲು ಉಕ್ಕುವವರೆಗೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಸಾಲ್ಕಿನ್ ಒಬ್ಬಳು ಮಾತ್ರ ಹಾಲನ್ನು ನೋಡುತ್ತಿದ್ದಳು.