ಶುಕ್ರವಾರ ಸಂಜೆಯ ಹೆಪ್ಪು

ಮೊಸರು ಮಾಡುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲವೆಂದು ಎಲ್ಲ ಹೆಂಗಸರೂ ಹೇಳುತ್ತಾರೆ. ಹಾಲು ಕಾಯಿಸಬೇಕು, ಉಗುರುಬೆಚ್ಚಗೆ ಆರಿಸಬೇಕು, ಒಂದಿಷ್ಟು ಹೆಪ್ಪು ಹಾಕಿ ಮುಚ್ಚಿಟ್ಟು ಮಲಗಬೇಕು. ಉಳಿದದ್ದನ್ನು ಹಾಲೇ ಮಾಡಿಕೊಳ್ಳುತ್ತದೆಯಂತೆ. ನಾವು ಗೊರಕೆ ಹೊಡೆಯುತ್ತಿರುವಾಗ ತಾನಾಗಿ ಆಗುವ ಇಂಥ ಕೆಲಸವನ್ನೂ ಕೆಡಿಸಬಲ್ಲ ಮನುಷ್ಯನಿದ್ದಾನೆಂದು ನಿಮಗೆ ನಂಬಿಕೆಯಾಗದಿದ್ದರೆ ಮಧುಗಿರಿಗೆ ಬಂದು ನನ್ನನ್ನು ವಿಚಾರಿಸಿ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯ ಹಾಲು ಒಮ್ಮೆ ಒಡೆಯುತ್ತಿತ್ತು, ಒಮ್ಮೆ ಹಾಲಾಗಿಯೇ ಉಳಿಯುತ್ತಿತ್ತು, ಒಮ್ಮೊಮ್ಮೆ ಲೋಳೆಯಾಗಿ ಸೌಟಿನ ಹಿಂದೆಯೇ ಎದ್ದು ಬರುತ್ತಿತ್ತು. ಮೊಸರು ಮಾತ್ರ ಆಗುತ್ತಿರಲಿಲ್ಲ.

ಹೊಟ್ಟೆಪಾಡಿಗೆ ನಾನು ಮಾಡುತ್ತಿದ್ದದ್ದು ಸಿಡುಬಿನ ದಾಕು ಹಾಕುವ ಕೆಲಸ. ಮಹಾರಾಜರ ಸರ್ಕಾರ ಕೊಟ್ಟ ಒಂದು ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಊರ ಬಾಗಿಲಲ್ಲಿ ನನ್ನ ಟೋಪಿ ಕಂಡರೆ ಸಾಕು, "ದಾಕಿನಯ್ಯ ಬಂದ ಕಣ್ರಲೇ" ಎಂದು ಕೂಗೇಳುತ್ತಿತ್ತು. ಮಕ್ಕಳು ರಾಗಿ ಹೊಲಕ್ಕೆ ಬಿದ್ದು ಓಡುತ್ತಿದ್ದವು. ತಾಯಂದಿರು ಬಾಗಿಲಿಗೆ ಅಗುಳಿ ಹಾಕಿಕೊಂಡು, "ನಮ್ಮನೇಲಿ ಮಕ್ಳೇ ಇಲ್ಲ ಕಣಪ್ಪ" ಎನ್ನುತ್ತಿದ್ದರು. ಬರಗೂರಿನ ಕಡೆ ಒಬ್ಬಾಕೆಯನ್ನು, ಹಾಗಾದರೆ ಒಳಗೆ ಅಳುತ್ತಿರುವುದು ಯಾರಮ್ಮ ಎಂದು ಕೇಳಿದೆ. ಬೆಕ್ಕು ಎಂದಳು. ಇಷ್ಟಾದರೂ ನಾನು ಹಾಕಿದ ದಾಕು ಗುಳ್ಳೆಯೆದ್ದು ಹಿಡಿಯದೆ ಹೋದದ್ದು ಅಪರೂಪ, ಮೇಲಿನವರು ನನ್ನ ಕೈಗುಣವನ್ನು ಹೊಗಳಿ ಬರೆದದ್ದೂ ಉಂಟು. ಆ ಕೈ ಮನೆಯ ಒಂದು ಕುಡಿಕೆ ಹಾಲಿನ ಮುಂದೆ ಸೋತು ಕುಳಿತಿತ್ತು.

ನನಗಾದರೋ ಮೊಸರಿಲ್ಲದೆಯೂ ನಡೆಯುತ್ತಿತ್ತು. ನಡೆಯದಿದ್ದದ್ದು ಮಗಳು ಗಂಗೆಗೆ. ಆಗ ಅವಳಿಗೆ ಎಂಟು ವರ್ಷ. ಅವಳ ತಾಯಿ ಊಟದ ಕೊನೆಗೆ ಗಟ್ಟಿ ಮೊಸರು ಕಲಸಿ ತುತ್ತಿಡುತ್ತಿದ್ದಳು. ಅದಿಲ್ಲದೆ ಹುಡುಗಿಗೆ ಊಟ ಮುಗಿದಂತೆಯೇ ಅನ್ನಿಸುತ್ತಿರಲಿಲ್ಲ. ಅತ್ತು ರಂಪ ಮಾಡಿದ್ದರೆ ಗದರಿಸಬಹುದಿತ್ತು. ಅವಳು ತಟ್ಟೆಯ ಮುಂದೆ ಕುಳಿತು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಅವಳು ಬಡವಾಗುತ್ತಿರುವುದನ್ನು ಮೊದಲು ಕಂಡವಳು ಹೊಳವನಹಳ್ಳಿಯಲ್ಲಿದ್ದ ನಮ್ಮಕ್ಕ. ಅಕ್ಕ ಬಂದಾಗಲೆಲ್ಲ ಕಾಲು ತೊಳೆದವಳೇ ಅಡುಗೆಮನೆಗೆ ನುಗ್ಗಿ, ನೆಲುವಿನ ಮೇಲಿನ ಮೊಸರು ಕುಡಿಕೆಯ ಮುಚ್ಚಳ ತೆಗೆದು ಮೂಸುವಳು.

"ಮೊಸ್ರಿಲ್ದ ಮನೆ ಒಂದು ಮನೆಯೇನ್ಲಾ, ಮಲ್ಲ? ಹೆಣ್ಮಗ ಸೊರಗಿ ಕಡ್ಡಿ ಆಗ್ಬುಟ್ಟವ್ಳೆ. ಸಂಕ್ರಾಂತಿಗಂಟ ನೋಡ್ತೀನಿ. ಆಮ್ಯಾಕೂ ಇಂಗೇ ಇದ್ರೆ ನಾನೇ ಕರ್ಕೊಂಡೋಗಿ ಸಾಕ್ತೀನಿ."

ಅಕ್ಕ ಬಾಯಿಮಾತಿಗೆ ಹೇಳುವವಳಲ್ಲ. ಅವಳು ಹೇಳುತ್ತಿದ್ದದ್ದು ತಪ್ಪೂ ಅಲ್ಲ, ಅದೇ ನನ್ನನ್ನು ಹೆದರಿಸಿದ್ದು. ಅಲ್ಲಿ ಹಸುಗಳಿದ್ದವು, ಆಡಲು ಮಕ್ಕಳಿದ್ದರು. ಇಲ್ಲಿ ನಾನೊಬ್ಬನಿದ್ದೆ. ಗಂಗೆಯೂ ಹೋದರೆ ಸಂಜೆ ಸೈಕಲ್ ತುಳಿದುಕೊಂಡು ಆ ಮನೆಗೆ ಯಾಕಾದರೂ ಬರಬೇಕು?

ಯಾರ ಮನೆಯಿಂದಲಾದರೂ ಹೆಪ್ಪು ತರಬಾರದೇ ಎಂದು ನೀವು ಕೇಳುತ್ತೀರಿ. ದೀಪ ಹಚ್ಚಿದ ಮೇಲೆ ಬೇರೆ ಮನೆಗೆ ಹೆಪ್ಪು ಕೊಡುವ ಮನೆ ನಮ್ಮ ಕಡೆ ಇಲ್ಲ. ಮಂಗಳವಾರ, ಶುಕ್ರವಾರ ಹಾಡಹಗಲಿನಲ್ಲೂ ಕೊಡುವುದಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಆ ಲೋಟದಲ್ಲೇ ಕುಳಿತು ಹೊರಟುಬಿಡುತ್ತಾಳೆಂದು ನಂಬಿಕೆ. ನಾನು ಮನೆ ಸೇರುವ ಹೊತ್ತಿಗೆ ಬೀದಿಯ ಎಲ್ಲ ಗೂಡುಗಳಲ್ಲೂ ದೀಪಗಳು ಉರಿಯುತ್ತಿದ್ದವು. ಕೊನೆಗೆ ದಾರಿ ಕಂಡುಕೊಂಡವಳು ಗಂಗೆಯೇ. ಶಾಲೆಯಿಂದ ಬಂದವಳು ಬಿಸಿಲಿರುವಾಗಲೇ ಹಿತ್ತಾಳೆ ಲೋಟ ಹಿಡಿದು ಹಿಂದಿನ ಬೀದಿಗೆ, ಹುಣಸೆಹಣ್ಣಿನ ಮಂಡಿಯವರ ಮನೆಗೆ ಹೋಗತೊಡಗಿದಳು. ಅಲ್ಲಿ ಹೆಪ್ಪು ಕೊಡುತ್ತಿದ್ದವಳು ಮಂಡಿಯವನ ಅಕ್ಕ ರುದ್ರಮ್ಮ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ರುದ್ರಮ್ಮ ಮತ್ತು ನಾನು ಕೊಡಿಗೇನಹಳ್ಳಿಯಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು. ಪ್ರೀತಿ ಮಾಡುವವರಿಗೆ ಮಲ್ಲಿಗೆ, ಕಮಲ ಎಂದೆಲ್ಲ ಹೆಸರಿನ ಹುಡುಗಿಯರು ಸಿಗುತ್ತಾರೆ. ನನಗೆ ಸಿಕ್ಕವಳು ರುದ್ರಿ, ಹೆಸರಿಗೆ ತಕ್ಕ ಸ್ವಭಾವದವಳು. ನಾನು ಮರ ಹತ್ತಿ ಹುಣಸೆಕಾಯಿ ಉದುರಿಸಬೇಕು, ಅವಳು ಕೆಳಗೆ ನಿಂತು ಉಪ್ಪು ಹಚ್ಚಿಕೊಂಡು ತಿನ್ನಬೇಕು. ಒಂದು ದಿನ ಕೊಂಬೆ ಮುರಿದು ಬಿದ್ದೆ. ಅವಳು ನಕ್ಕು ಮುಗಿಸಿದ ಮೇಲೆ ಬಂದು ಎಬ್ಬಿಸಿ, "ದೊಡ್ಡೋಳಾದ್ಮ್ಯಾಗೆ ನಿನ್ನೇ ಮದ್ವೆ ಆಯ್ತೀನಿ. ಮರ ಹತ್ತಾದು ಸರಿಯಾಗಿ ಕಲ್ತ್ಕೋ" ಎಂದಳು. ಕಲಿತೆ. ಅಷ್ಟರಲ್ಲಿ ಅವಳಪ್ಪ ಅವಳನ್ನು ಪಾವಗಡದ ಸೋದರತ್ತೆಯ ಮಗನಿಗೆ ಕೊಟ್ಟರು. ಹುಟ್ಟಿದಾಗಲೇ ಆಡಿಕೊಂಡ ಮಾತಂತೆ. ನನ್ನನ್ನು ಯಾರೂ ಕೇಳಲಿಲ್ಲ. ಮೀಸೆ ಬಾರದ ಹುಡುಗನನ್ನು ಕೇಳುವುದೇನು? ಮದುವೆಯಲ್ಲಿ ನೀರು ಬಡಿಸಿದೆ. ಆಮೇಲೆ ನನಗೂ ಮದುವೆಯಾಯಿತು. ಗಂಗೆಯ ತಾಯಿ ಒಳ್ಳೆಯವಳು, ಅವಳ ಜೊತೆ ಬಾಳಿದ ಕಾಲದಲ್ಲಿ ಬೇರೆ ಯಾರ ನೆನಪೂ ನನಗೆ ಬೇಕಾಗಿರಲಿಲ್ಲ. ಜ್ವರ ಅವಳನ್ನು ಬೇಗ ಕರೆದುಕೊಂಡು ಹೋಯಿತು.

ರುದ್ರಿಯ ಗಂಡನೂ ಅದೇ ಸುಮಾರಿಗೆ ತೀರಿಹೋಗಿ, ಮಕ್ಕಳಿಲ್ಲದ ಅವಳು ತಮ್ಮನ ಮನೆಗೆ ಬಂದು ಸೇರಿದ್ದಳು. ಬರುವಾಗ ಪಾವಗಡದಿಂದ ತನ್ನ ಹಸುವನ್ನೂ ಹೊಡೆದುಕೊಂಡು ಬಂದಿದ್ದಳು. ಮಾತಿನ ಮಧ್ಯೆ ತೆಲುಗು ನುಗ್ಗುತ್ತಿತ್ತು. ಹಸುವಿಗಂತೂ ಪೂರಾ ತೆಲುಗಿನಲ್ಲೇ ಬೈಗುಳ. "ಅದ್ಕೆ ಕನ್ನಡ ಬರಾಕಿಲ್ವಂತೆ ಅಪ್ಪಾ" ಎಂದು ಗಂಗೆ ಬಂದು ವರದಿ ಒಪ್ಪಿಸಿದಳು. ನನ್ನೊಂದಿಗೆ ರುದ್ರಮ್ಮ ನೇರವಾಗಿ ಒಂದು ಮಾತೂ ಆಡಲಿಲ್ಲ. ಗಂಡ ಸತ್ತವಳು ಪರಗಂಡಸಿನ ಜೊತೆ ಬೀದಿಯಲ್ಲಿ ನಿಂತು ಮಾತಾಡಿದರೆ ಊರು ಸುಮ್ಮನಿರುತ್ತದೆಯೇ? ನಾನು ಎದುರಿಗಿದ್ದರೂ ಗಂಗೆಯ ಕಡೆ ತಿರುಗಿ, "ನಿಮ್ಮಪ್ಪಂಗೆ ಹೇಳು, ಹಾಲು ಕುದೀವಾಗ್ಲೇ ಎಪ್ಪು ಹಾಕ್ಬಾರ್ದು ಅಂತ" ಎನ್ನುವಳು. ನಾನೂ ಗಂಗೆಗೇ, "ಆಗಲಿ ಅಂತ ಹೇಳಮ್ಮ" ಎನ್ನುವೆ. ಹೀಗೆ ಪಾಠವಾಗಿ ನಮ್ಮ ಮನೆಯಲ್ಲೂ ಮೊಸರು ಆಗತೊಡಗಿತು. ಗಂಗೆ ಉಣ್ಣತೊಡಗಿದಳು. ಲೋಟ ಬೆಳಗಿ ಕೊಟ್ಟು ಕಳಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಷ್ಟು ಹೊಳಪಿನ ಲೋಟ ನಮ್ಮ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಸಂಕ್ರಾಂತಿ ಹತ್ತಿರವಾಯಿತು. ಶನಿವಾರ ಬರುತ್ತೇನೆಂದು ಅಕ್ಕ ಹೇಳಿ ಕಳಿಸಿದಳು. ಗುರುವಾರದ ಮೊಸರನ್ನು ಹೆಪ್ಪಿಗೆಂದು ಜೋಪಾನವಾಗಿ ಎತ್ತಿಟ್ಟಿದ್ದೆವು. ಶುಕ್ರವಾರ ಬೆಳಿಗ್ಗೆ ನಾನು ಅವಸರದಲ್ಲಿ ಕುಡಿಕೆಯನ್ನು ನೆಲುವಿಗೆ ಏರಿಸದೆ ನೆಲದ ಮೇಲೇ ಬಿಟ್ಟು ಹೋದೆ. ಸಂಜೆ ಗಂಗೆ ಬಂದು ನೋಡಿದರೆ ಬೆಕ್ಕು ಉರುಳಿಸಿ ನೆಕ್ಕಿತ್ತು, ಈ ಸಲ ನಿಜವಾದ ಬೆಕ್ಕು. ಹುಡುಗಿ ಏನೇನು ಯೋಚಿಸಿದಳೋ, ಕತ್ತಲಾಗುವವರೆಗೆ ಕುಳಿತಿದ್ದು ಆಮೇಲೆ ಲೋಟ ಹಿಡಿದು ಹೋಗಿದ್ದಾಳೆ. ನಾನು ಬರುವ ಹೊತ್ತಿಗೆ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟು, "ಅವ್ರು ಕೊಟ್ರು ಅಪ್ಪಾ" ಎಂದಳು. ಯಾವ ವಾರ, ಎಷ್ಟು ಹೊತ್ತು ಎಂಬುದೊಂದೂ ನನ್ನ ತಲೆಗೆ ಹೊಳೆಯಲಿಲ್ಲ. ಬೆಳಿಗ್ಗೆ ನೋಡಿದರೆ ಕತ್ತಿಯಲ್ಲಿ ಕೊಯ್ಯಬಹುದಾದಷ್ಟು ಗಟ್ಟಿ ಮೊಸರು. ಅಕ್ಕ ಬರಲಿ ನೋಡೋಣ ಎಂದು ಮೀಸೆ ತಿರುವಿದೆ.

ಅಕ್ಕನಿಗಿಂತ ಮೊದಲು ಎದುರುಮನೆಯ ಕೆಂಪಜ್ಜಿ ಬಂದಳು. ಹಿಂದಿನ ಬೀದಿಯಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಹೋಯಿತೆಂದು ತಮ್ಮನ ಹೆಂಡತಿ ರುದ್ರಮ್ಮನನ್ನು ಜಗಲಿಯ ಮೇಲೆ ನಿಲ್ಲಿಸಿ, ಕಂಡವರ ಮನೆಗೆ ನಮ್ಮ ಲಕ್ಷ್ಮಿಯನ್ನು ಸಾಗಿಸಿದೆಯಲ್ಲ ಎಂದು ಕೂಗಾಡಿದಳಂತೆ.

"ಅದ್ಕೆ ರುದ್ರಮ್ಮ ಏನಂದ್ಲು ಗೊತ್ತೇನಪ್ಪ? 'ಬ್ಯಾರೆ ಮನೇಗೆ ಕೊಟ್ರೆ ತಾನೆ ತಪ್ಪು' ಅಂದ್ಲು" ಎಂದು ಕೆಂಪಜ್ಜಿ ನನ್ನ ಮುಖವನ್ನೇ ನೋಡುತ್ತ ನಿಂತಳು.

ಅಜ್ಜಿ ಯಾಕೆ ಹಾಗೆ ನೋಡುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ನನಗೆ ಕಂಡದ್ದು ಇಷ್ಟೇ: ನಮ್ಮಿಂದ ಆ ಹೆಂಗಸಿಗೆ ಕೆಟ್ಟ ಹೆಸರು ಬಂತು. ಕೂಡಲೇ ಆ ಗಟ್ಟಿ ಮೊಸರಿನ ಕುಡಿಕೆಯನ್ನು ಹಾಗೆಯೇ ಎತ್ತಿಕೊಂಡು ಹಿಂದಿನ ಬೀದಿಗೆ ಹೋದೆ. ರುದ್ರಮ್ಮ ಬಾಗಿಲಲ್ಲೇ ಇದ್ದಳು. ಗಂಗೆ ಜೊತೆಯಲ್ಲಿರಲಿಲ್ಲವಾದ್ದರಿಂದ ಬಾಗಿಲಿನ ಚೌಕಟ್ಟಿಗೆ ಹೇಳುವವನಂತೆ, "ನಿಮ್ಮ ಮನೆಯದು ನಿಮ್ಮ ಮನೆಗೇ ಇರಲಿ. ನಮ್ಮ ಮನೆಗೆ ಬೇಡ" ಎಂದೆ. ಅವಳು ಕುಡಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು, ಕೈ ನೀಡಿ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ದೊಡ್ಡ ಮನುಷ್ಯನಂತೆ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. "ವಾಪಸ್ ಕೊಟ್ಬುಟ್ಯಾ ಅಪ್ಪಾ?" ಎಂದು ಕೇಳಿ ಗಂಗೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅಕ್ಕ ಬಂದಳು. ಅಡುಗೆಮನೆಗೆ ಹೋದಳು. ನೆಲುವು ಬರಿದಾಗಿ ತೂಗುತ್ತಿತ್ತು. ಗಂಗೆಯ ಬಟ್ಟೆ ಗಂಟು ಕಟ್ಟು ಎಂದಳು. ನಾನು ತೊದಲುತ್ತ ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಗಂಟು ಕಟ್ಟುವುದನ್ನು ನಿಲ್ಲಿಸಿದಳು.

"ಆ ಹೆಣ್ಮಗ ಏನಂದ್ಲು? ಇನ್ನೊಂದ್ ಕಿತ ಹೇಳು."

ಹೇಳಿದೆ. ಅಕ್ಕ ಹಣೆ ಹಣೆ ಬಡಿದುಕೊಂಡಳು. "ಲೇ ಮಂಕೆ, ಅದು ಬ್ಯಾರೆ ಮನೆ ಅಲ್ಲ, ನನ್ ಮನೆ ಅಂತ ಬೀದಿಗೆಲ್ಲ ಕೇಳಂಗೆ ಹೇಳವ್ಳೆ ಕಣ್ಲಾ. ನೀನೋಗಿ ನಮ್ಮನೇಗೆ ಬ್ಯಾಡ ಅಂತ ವಾಪಸ್ ಕೊಟ್ಟು ಬಂದಿದೀಯಲ್ಲ."

ನಾನು ಅಲ್ಲೇ ಒಲೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಮ್ಮವರಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವ ಸೀರುಡಿಕೆ ಉಂಟು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಯಿಬಿಟ್ಟು ಕೇಳಲು ಮಾತ್ರ ನನಗೆ ಧೈರ್ಯ ಬಂದಿರಲಿಲ್ಲ. ಹಿಂದೆ ಒಮ್ಮೆ ಯಾರೂ ನನ್ನನ್ನು ಕೇಳದೆ ಅವಳು ಕೈತಪ್ಪಿದ್ದಳು. ಈ ಸಲ ಅವಳೇ ಕೇಳಿದ್ದಳು, ನಾನು ಬೇಡವೆಂದು ಹೇಳಿ ಬಂದಿದ್ದೆ. ಈಗಲೇ ಹೋಗಿ ಬರುತ್ತೇನೆಂದು ಎದ್ದೆ.

"ಈಗ ಬ್ಯಾಡ. ದೀಪ ಅಚ್ಚಲಿ, ಆಮ್ಯಾಕೆ ಹೋಗಿ ಎಪ್ಪು ಕೇಳು" ಎಂದಳು ಅಕ್ಕ.

ದೀಪ ಹಚ್ಚುವ ಹೊತ್ತಿಗೆ ನಾನು ಮಡಿ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಲೋಟ ಹಿಡಿದು ಹೊರಟೆ. ಒಂದು ಕೈಯಲ್ಲಿ ಗಂಗೆ, ಹಿಂದೆ ಅಕ್ಕ, ಅವಳ ಹಿಂದೆ ಕೆಲಸವಿಲ್ಲದಿದ್ದರೂ ಕೆಂಪಜ್ಜಿ. ಬಾಗಿಲಿಗೆ ಬಂದವಳು ತಮ್ಮನ ಹೆಂಡತಿ. ಹೆಪ್ಪು ಬೇಕಾಗಿತ್ತು ಎಂದೆ.

"ದೀಪ ಅಚ್ಚಾಯ್ತಲ್ಲಣ್ಣ."

"ಗೊತ್ತಮ್ಮ. ಅದಕ್ಕೇ ಈಗ ಬಂದೆ."

ರುದ್ರಮ್ಮ ಒಳಗಿನಿಂದ ಬಂದಳು. ಈ ಸಲ ಗಂಗೆಯ ಕಡೆ ತಿರುಗಲಿಲ್ಲ. ನೇರವಾಗಿ ನನ್ನನ್ನೇ ನೋಡಿ, "ಕೊಟ್ರೆ ಬೆಳಗ್ಗೆ ಎದ್ದು ವಾಪಸ್ ತಂದಾಕಲ್ಲ ಅಂತ ಏನ್ ನಂಬ್ಕೆ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಗಂಗೆ, "ನಾನು ತರಾಕೆ ಬುಡಾಕಿಲ್ಲ" ಎಂದಳು. ರುದ್ರಮ್ಮನಿಗೆ ನಗು ಬಂತು. ಹುಣಸೆ ಮರದಿಂದ ನಾನು ಬಿದ್ದ ದಿನ ನಕ್ಕ ಅದೇ ನಗು, ಆಮೇಲೆ ಕಣ್ಣೊರೆಸಿಕೊಂಡಳು. ಲೋಟ ತೆಗೆದುಕೊಂಡು ಬೋರಲು ಹಾಕಿ ಜಗಲಿಯ ಮೇಲಿಟ್ಟಳು.

"ಎಪ್ಪು ಕೊಡಾಕಿಲ್ಲ. ನೀವು ಎಪ್ಪು ಹಾಕೋದು ಕಂಡಿದೀನಿ. ನಾನೇ ಬಂದು ಹಾಕ್ತೀನಿ. ನಿಮ್ಮಕ್ಕಾರು ನನ್ ತಮ್ಮನ ತಾವ ಮಾತಾಡ್ಲಿ."

ಅಕ್ಕ ಅಲ್ಲೇ ಜಗಲಿಯ ಮೇಲೆ ಕುಳಿತು ಮಾತಾಡಿಯೇ ಎದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ವಾಲಗವಿಲ್ಲದೆ ಚಪ್ಪರವಿಲ್ಲದೆ, ಮಠದ ಅಯ್ಯನವರ ಎದುರಿಗೆ ಸೀರೆ ಕೊಟ್ಟೆ. ಅವಳು ನಮ್ಮ ಮನೆಗೆ ನಡೆದು ಬಂದಳು, ಹಿಂದೆ ಪಾವಗಡದ ಹಸುವೂ ಬಂತು. ಗಂಗೆಯ ಬಟ್ಟೆಯ ಗಂಟನ್ನು ಅಕ್ಕ ತಾನೇ ಬಿಚ್ಚಿ ಗೂಟಕ್ಕೆ ನೇತುಹಾಕಿ ಊರಿಗೆ ಹೋದಳು. ದೇವರು ಕೊಟ್ಟದ್ದನ್ನು ಒಮ್ಮೆ ಕಿತ್ತುಕೊಂಡರೂ ಎರಡನೆಯ ಸಲ ತಟ್ಟೆಗೆ ಬಡಿಸಿದ. ಅದನ್ನು ನೆನೆದಾಗಲೆಲ್ಲ ನಾನು ಸುಮ್ಮನೆ ಕೈಮುಗಿಯುತ್ತೇನೆ.

ಈಗ ಗಂಗೆ ತುಮಕೂರಿನಲ್ಲಿ ಓದುತ್ತಿದ್ದಾಳೆ. ಮೊನ್ನೆ ರುದ್ರಮ್ಮ ಮಜ್ಜಿಗೆ ಕಡೆಯುತ್ತಿರುವಾಗ ನನಗೆ ಸ್ವಲ್ಪ ಜಂಬ ಬಂತು. "ಆ ಶುಕ್ರವಾರ ನನ್ನನ್ನು ನೆನೆಸಿಕೊಂಡು ತಾನೇ ನೀನು ಹೆಪ್ಪು ಕೊಟ್ಟದ್ದು?" ಎಂದು ಕೇಳಿದೆ.

ಅವಳು ಕಡೆಗೋಲು ನಿಲ್ಲಿಸದೆ ಹೇಳಿದಳು: "ನಿಮ್ಮನ್ಯಾಕೆ ನೆನೀಲಿ? ಮಗ ಬಾಗ್ಲಾಗೆ ನಿಂತ್ಕಂಡು, 'ನಾಳೆ ಅತ್ತೆ ಬತ್ತಾರೆ, ಮೊಸ್ರಿಲ್ದಿದ್ರೆ ಕರ್ಕೊಂಡೋಯ್ತಾರೆ, ಆಮ್ಯಾಕೆ ನಮ್ಮಪ್ಪ ಒಬ್ರೇ ಆಗ್ಬುಡ್ತಾರೆ' ಅಂತ ಅತ್ತಳು. ಅವತ್ತೇ ಅವಳನ್ನ ನನ್ ಮಗಳು ಅನ್ಕೊಂಡೆ. ನಾನು ತಕ್ಕಂಡಿದ್ದು ಅವಳ್ನ. ನೀವು ಕೊಸರು."

ಸಂತೆಯಲ್ಲಿ ತರಕಾರಿ ಕೊಂಡವರ ಚೀಲಕ್ಕೆ ಕೊಸರು ಎಂದು ಮೇಲೊಂದು ಹಾಕುವ ಬದನೆಕಾಯಿ ಸಾಮಾನ್ಯವಾಗಿ ಹುಳುಕೇ ಇರುತ್ತದೆ. ಮನೆಗೆ ಬಂದು ನೋಡಿ ಬಿಸಾಡುವವರೇ ಹೆಚ್ಚು. ಇವಳು ಹುಳುಕಿದ್ದಷ್ಟನ್ನು ಕೊಯ್ದು ಹಾಕಿ, ಉಳಿದದ್ದನ್ನು ಇಷ್ಟು ವರ್ಷ ಒಲೆಯ ಹತ್ತಿರ ಇಟ್ಟುಕೊಂಡಿದ್ದಾಳೆ.