ನಿನ್ ಮಾತ ಯಾರ್ಲಾ ಕೇಳ್ತಾರೆ?

ಸೈನ್ಯದಲ್ಲಿ ಮೇಜರ್ ಆಗಿ ನಿವೃತ್ತನಾದವನ ಹತ್ತಿರ ಯುದ್ಧದ ಕಥೆಗಳಿರಬೇಕು ಅಂತ ಜನ ಆಸೆಪಡುತ್ತಾರೆ. ನನ್ನ ಹತ್ತಿರ ಇರುವುದು ರಜೆಯ ಕಥೆಗಳು. ಗಡಿಯಲ್ಲಿ ಹೇಗೋ ಕಾಪಾಡಿಕೊಂಡು ಬಂದ ಮಾನ, ಕೊಳ್ಳೇಗಾಲದಲ್ಲಿ ಬಸ್ಸಿಳಿದ ಕೂಡಲೇ ಏನಾದರೊಂದು ನೆಪದಲ್ಲಿ ಹೋಗಿಬಿಡುತ್ತಿತ್ತು.

ನಮ್ಮೂರು ಯಳಂದೂರಿನ ಪಕ್ಕದ ಹೊನ್ನೂರು. ಅಪ್ಪ ಭತ್ತ, ಕಬ್ಬು ಬೆಳೆಯುತ್ತಿದ್ದರು. ನಾನು ಸೈನ್ಯದಲ್ಲಿ ಅಧಿಕಾರಿಯಾದೆ ಅಂತ ಹೇಳಿದ ದಿನ ಅವರು ಕೇಳಿದರು: "ಆಪೀಸರ್ ಅಂದ್ರೇನ್ಲಾ ಕೆಲ್ಸ?"

"ನಾನು ಹೇಳಿದ ಹಾಗೆ ಜನ ಕೇಳ್ತಾರಪ್ಪ."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ ಮಾತ ಯಾರ್ಲಾ ಕೇಳ್ತಾರೆ?"

ಒಂದು ದಿನ ಅವರ ಕಣ್ಣೆದುರಿಗೇ ಇದಕ್ಕೆ ಉತ್ತರ ಕೊಡಬೇಕು ಅನ್ನೋ ಹಟ ಅವತ್ತೇ ಹತ್ತಿಕೊಂಡಿತು. ನಿಜ ಹೇಳಬೇಕೆಂದರೆ, ಪದಕಕ್ಕಿಂತ ನನಗೆ ಅದೇ ದೊಡ್ಡದಾಗಿತ್ತು.

ಯೂನಿಫಾರಂ

ಎಂಬತ್ತರ ದಶಕದ ಮಾತು, ನನ್ನ ಮೊದಲ ರಜೆ. ಅಕ್ಕನನ್ನು ನೋಡಲು ಅಪ್ಪನ ಜೊತೆ ಲೊಕ್ಕನಹಳ್ಳಿಗೆ ಹೋದೆ. ಜನ ನೋಡಲಿ ಅಂತ ಇಸ್ತ್ರಿ ಮಾಡಿದ ಯೂನಿಫಾರಂ, ಟೋಪಿ, ಬೂಟು ಎಲ್ಲ ಹಾಕಿಕೊಂಡಿದ್ದೆ.

ಅದು ಕಾಡಂಚಿನ ಊರು. ಪ್ರತಿ ಹಿತ್ತಿಲಲ್ಲೂ ಕಾಡಿನಿಂದ ಕದ್ದು ತಂದ ಸೌದೆ. ನಾವು ಬಸ್ಸಿಳಿದದ್ದೇ ತಡ, "ಫಾರೆಸ್ಟ್‌ನೋರು ಬಂದ್ರು!" ಅಂತ ಯಾರೋ ಕೂಗಿದರು. ಬೀದಿಗೆ ಬೀದಿಯೇ ಖಾಲಿ. ನಾನು "ನಿಲ್ಲಿ, ನಿಲ್ಲಿ!" ಅಂತ ಕೂಗಿದೆ. ನಿಂತಿದ್ದ ಒಬ್ಬಿಬ್ಬರೂ ಓಡಿದರು.

ಅಕ್ಕನ ಮನೆಯಲ್ಲಿ ಭಾವ ಕಾಣಲಿಲ್ಲ. ಹುಲ್ಲಿನ ಮೆದೆಯ ಹಿಂದಿನಿಂದ ಅವರ ದನಿ ಮಾತ್ರ ಬಂತು: "ಬಾಮೈದ, ಮೊದ್ಲು ಆ ಬಟ್ಟೆ ಬಿಚ್ಚಾಕು. ಆಮೇಲೆ ಯೋಗಕ್ಷೇಮ ಮಾತಾಡವ."

ಅಪ್ಪ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿಕೊಂಡರು. "ನೀ ನಿಲ್ಲಿ ಅಂದೆ, ಅವ್ರು ಓಡುದ್ರು. ಇದೇ ಏನ್ಲಾ ಮಾತ ಕೇಳಾದು?"

ಎತ್ತು

ಮುಂದಿನ ರಜೆಯಲ್ಲಿ ಅಪ್ಪ ನನ್ನ ಕೈಗೆ ನೇಗಿಲು ಕೊಟ್ಟರು. ನಾನು ಪರೇಡ್ ಮೈದಾನದ ದನಿಯಲ್ಲಿ ಗದರಿದೆ. ಎತ್ತುಗಳು ಒಮ್ಮೆ ಹಿಂತಿರುಗಿ ನೋಡಿ ಮೆಲುಕು ಹಾಕುತ್ತಾ ನಿಂತವು. ಬದುವಿನ ಮೇಲಿದ್ದ ಅಪ್ಪ ಮೆಲ್ಲಗೆ ನಾಲಿಗೆ ಲೊಚಗುಟ್ಟಿದರು. ಎತ್ತುಗಳು ಹೊರಟ ರಭಸಕ್ಕೆ ನಾನು ಕೆಸರಿನಲ್ಲಿ ಮಲಗಿದ್ದೆ.

"ಪಾಪ, ಅವುಕ್ಕೆ ನೀನು ಆಪೀಸರ್ ಅಂತ ಗೊತ್ತಿಲ್ಲ ಕಣ್ಲಾ" ಅಂದರು ಅಪ್ಪ.

ಟೆಲಿಗ್ರಾಂ

ಹನೂರಿನ ಹುಡುಗಿಯೊಂದಿಗೆ ನನ್ನ ಮದುವೆ ಗೊತ್ತಾಯಿತು. ರಜೆ ಮಾತ್ರ ಸಿಗಲಿಲ್ಲ. ಎಷ್ಟು ಸಲ ಕೇಳಿದರೂ ನಮ್ಮ ಕರ್ನಲ್ ತಲೆ ಎತ್ತಲಿಲ್ಲ. ಇಂಥ ಹೊತ್ತಿಗೆ ಸೈನ್ಯದಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ ಒಂದಿತ್ತು. "ತಾಯಿ ಸೀರಿಯಸ್, ಕೂಡಲೇ ಹೊರಡು" ಅಂತ ಮನೆಯಿಂದ ಟೆಲಿಗ್ರಾಂ ಬರಬೇಕು. ಹಾಗೇ ಕಳಿಸಿ ಅಂತ ಅಪ್ಪನಿಗೆ ಬರೆದೆ.

ಅಪ್ಪ ಒಪ್ಪಲಿಲ್ಲವಂತೆ. "ಒಳಗೆ ಮುದ್ದೆ ತಿರುವ್ತಾವ್ಳೆ, ಅವಳ್ನ ಯಾಕೆ ಸಾಯಿಸ್ಲಿ?" ಅಂದು, ತಮಗೆ ಸರಿ ಕಂಡದ್ದನ್ನೇ ಕಳಿಸಿದರು. ಕರ್ನಲ್ ನನ್ನನ್ನು ಕರೆಸಿ ಅದನ್ನು ಗಟ್ಟಿಯಾಗಿ ಓದಿದರು: "ತಾಯಿ ಚೆನ್ನಾಗಿದ್ದಾಳೆ. ಮದುವೆಗೆ ಎಲ್ಲ ತಯಾರಾಗಿದೆ. ಗಂಡು ಮಾತ್ರ ಬೇಕು."

ನಾನು ರಜೆಯ ಆಸೆ ಬಿಟ್ಟೆ. ಕರ್ನಲ್ ಮಾತ್ರ ಕಣ್ಣೀರು ಬರುವಷ್ಟು ನಕ್ಕರು. "ನನ್ನ ಸರ್ವಿಸಿನಲ್ಲಿ ತಾಯಿ ಚೆನ್ನಾಗಿದ್ದಾಳೆ ಅನ್ನುವ ಟೆಲಿಗ್ರಾಂ ಇದೇ ಮೊದಲು. ಹೊರಡು!"

ಧಾರೆ ಮುಗಿದ ಮೇಲೆ ಅಪ್ಪ ಕಿವಿಯಲ್ಲಿ ಹೇಳಿದರು: "ನೀ ಕೇಳ್ದಾಗ ರಜ ಕೊಡ್ನಿಲ್ಲ, ನಾ ಕೇಳ್ದೆ ಕೊಟ್ರು. ಅಂಗಾರೆ ಅಲ್ಲೂವೆ ನಿನ್ ಮಾತ ಯಾರೂ ಕೇಳಾಕಿಲ್ವಾ?"

ಸಾವಧಾನ್

ನಿವೃತ್ತನಾಗಿ ಊರಿಗೆ ಬರುವಷ್ಟರಲ್ಲಿ ಹೊಸ ಶತಮಾನ ಹುಟ್ಟಿತ್ತು. ಅಮ್ಮ ಇರಲಿಲ್ಲ. ಅಪ್ಪನ ಬೆನ್ನು ಬಾಗಿತ್ತು, ಮಂಡಿನೋವು, ಕೈಯಲ್ಲಿ ಕೋಲು. ಹೊಲಕ್ಕೆ ಹೋಗುವುದು ನಿಂತು, ಮನೆ ಎದುರಿನ ಶಾಲೆಯ ಮಕ್ಕಳು ಸಾವಧಾನ್ ಅಂದರೆ ನೆಟ್ಟಗಾಗುವ, ವಿಶ್ರಾಮ್ ಅಂದರೆ ಸಡಿಲಾಗುವ ಡ್ರಿಲ್ ನೋಡುವುದೇ ಅವರ ಹೊತ್ತುಗಳೆತ. ಆ ವರ್ಷ ಆಗಸ್ಟ್ ಹದಿನೈದಕ್ಕೆ ಮೇಷ್ಟ್ರು ನನ್ನನ್ನು ಕರೆದು, ಪರೇಡಿಗೆ ನೀವೇ ಆಜ್ಞೆ ಕೊಡಬೇಕು ಸಾರ್ ಅಂದರು. ಅಪ್ಪನಿಗೆ ಮುಂದುಗಡೆ ಕುರ್ಚಿ ಹಾಕಿದ್ದರು.

ಗಡಿಯಲ್ಲೂ ನನಗೆ ಅಷ್ಟು ಭಯವಾದದ್ದಿಲ್ಲ. ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: "ಸಾವಧಾನ್!"

ಮಕ್ಕಳೆಲ್ಲ ನೆಟ್ಟಗಾದರು. ಮೇಷ್ಟ್ರು ನೆಟ್ಟಗಾದರು. ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯ ಎತ್ತುಗಳು ಮಾತ್ರ ಎಂದಿನಂತೆ ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಆಮೇಲೆ ನೋಡುತ್ತೇನೆ, ಅಪ್ಪ ಕುರ್ಚಿಯಿಂದ ಎದ್ದಿದ್ದಾರೆ. ಕೋಲು ಪಕ್ಕಕ್ಕಿಟ್ಟು, ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಗೆ ಅಂಟಿಸಿ ನಿಂತಿದ್ದಾರೆ.

ನನ್ನ ಕಣ್ಣು ಮಂಜಾಯಿತು. ಮುಂದಿನ ಆಜ್ಞೆ ಏನೆಂಬುದೇ ಮರೆತುಹೋಯಿತು. ಮೈದಾನವೆಲ್ಲ ಕಾಯುತ್ತಿತ್ತು. ಆ ನಿಶ್ಶಬ್ದದಲ್ಲಿ ಅಪ್ಪ, ಒಂದಿಷ್ಟೂ ಅಲ್ಲಾಡದೆ, ತುಟಿಯಂಚಿನಲ್ಲಿ ಹೇಳಿದರು:

"ಬಿರ್ರನೆ ಇಸ್ರಾಮ್ ಅನ್ಲಾ, ಮಂಡಿ ನೋಯ್ತದೆ. ನೀ ಯೋಳದಲೆ ಎಂಗ್ಲಾ ಕೂತ್ಕಳ್ಲಿ?"