ಪಾತರಗಿತ್ತಿಗೆ ತೋಪು ಹಿಡಿದ ಮಾಲಿಂಗ ಮಾಸ್ತರು

"ಈ ಸಲ ವಿಜ್ಞಾನ ದಿನಕ್ಕ ಗ್ವಾಡಿ ತುಂಬ ಪಾತರಗಿತ್ತಿ! ಹತ್ತು ಫೋಟೋ! ಪುಸ್ತಕದಾಗಿಂದಲ್ಲ, ಮೊಬೈಲದಾಗಿಂದಲ್ಲ. ಎಲ್ಲಾ ನಮ್ಮ ಸೀಮ್ಯಾಗಿನ ಪಾತರಗಿತ್ತಿ, ಎಲ್ಲಾ ನಾನ ತಗದಿದ್ದು!"

ಕುಲಗೋಡದ ಹೈಸ್ಕೂಲಿನ ವಿಜ್ಞಾನ ಮಾಸ್ತರು ಮಾಲಿಂಗ ಚಹಾದ ಕಪ್ಪನ್ನು ಎತ್ತಿ ಹಿಡಿದು ಸ್ಟಾಫ್ ರೂಮಿನಲ್ಲಿ ಹೀಗೆ ಘೋಷಿಸಿದಾಗ, ವಿಜ್ಞಾನ ದಿನಕ್ಕೆ ಹತ್ತೇ ದಿನ ಉಳಿದಿತ್ತು. ಹೆಡ್ ಮೇಡಂ ಅನ್ನಪೂರ್ಣಾ ಅವರು ಕೇಳಿದ ಮಾತನ್ನು ಸುಮ್ಮನೆ ಬಿಡುವವರಲ್ಲ. ಆಮಂತ್ರಣ ಪತ್ರಿಕೆಯಲ್ಲಿ "ಮಾಲಿಂಗ ಸರ್ ಅವರ ಚಿಟ್ಟೆ ಛಾಯಾಚಿತ್ರಗಳ ಪ್ರದರ್ಶನ" ಎಂದು ದಪ್ಪಕ್ಷರದಲ್ಲಿ ಸೇರಿಸಿ, ಅಂದೇ ಸಂಜೆ ಅಚ್ಚಿಗೂ ಕಳಿಸಿಬಿಟ್ಟರು. ಬಾಯಿಂದ ಬಿದ್ದ ಮಾತನ್ನು ಹೇಗಾದರೂ ನುಂಗಬಹುದು, ಅಚ್ಚಾದದ್ದನ್ನು ನುಂಗುವುದು ಹೇಗೆ?

ಮಾಲಿಂಗನ ಬಳಿ ಕ್ಯಾಮೆರಾ ಏನೋ ಇತ್ತು. ಆದರೆ ಅದರ ಜೊತೆಗೆ ಬಂದ ಲೆನ್ಸಿನಲ್ಲಿ ಚಿಟ್ಟೆ ತೆಗೆದರೆ ಫೋಟೋದಲ್ಲಿ ಗಿಡ ಬರುತ್ತಿತ್ತು, ಗಿಡದ ಹಿಂದಿನ ಗೋಡೆ ಬರುತ್ತಿತ್ತು, ಗೋಡೆಗೆ ಬಡಿದ ಸೆಗಣಿಯ ಕುಳ್ಳು ಬರುತ್ತಿತ್ತು. ಚಿಟ್ಟೆ ಮಾತ್ರ ಎಳ್ಳುಕಾಳು!

ಹೆಂಡತಿ ಭಾಗ್ಯಾ ಕ್ಯಾಮೆರಾದ ಪರದೆ ನೋಡಿ ತಲೆದೂಗಿದಳು. "ಕುಳ್ಳು ಭಾಳ ಚಲೋ ಬಂದಾವು ಬಿಡ್ರಿ."

"ಏ, ಅದು ಪಾತರಗಿತ್ತಿ ಫೋಟೋ!"

"ಎಲ್ಲೈತ್ರಿ ಪಾತರಗಿತ್ತಿ?"

"ಇಲ್ಲಿ ನೋಡು, ನನ್ನ ಬಟ್ಟು ಎಲ್ಲೈತಿ ಅಲ್ಲಿ."

"ಬಟ್ಟು ತಗೀರಿ ಹಂಗಾರ. ಅದರ ಕೆಳಗ ಮುಚ್ಚಿಹೋಗೇತಿ."

ಇನ್ನು ಲೆನ್ಸನ್ನೇ ಬದಲಿಸಬೇಕು ಎಂದು ತೀರ್ಮಾನವಾಯಿತು. ಶುಕ್ರವಾರ ಸಾಲಿ ಬಿಟ್ಟ ಮೇಲೆ ಗಂಡಹೆಂಡತಿ ಗೋಕಾಕಕ್ಕೆ, ಪರಿಚಯದ ಅಲ್ಲಪ್ಪನ ಸ್ಟುಡಿಯೋಕ್ಕೆ ಹೋದರು. ಅಲ್ಲಪ್ಪ ಮದುವೆ ಫೋಟೋಗಳಲ್ಲಿ ಪಳಗಿದ ಕೈ. ಮಾಲಿಂಗನ ಕಷ್ಟ ಕೇಳಿ ಮರುಗಿ, ತನ್ನ ಎರಡು ಲೆನ್ಸುಗಳನ್ನು ಮೇಜಿನ ಮೇಲಿಟ್ಟ. ಒಂದು ಅಂಗೈಯಲ್ಲಿ ಕೂರುವಂಥದು. ಇನ್ನೊಂದು ಮೊಳದುದ್ದ, ಬೂದು ಬಣ್ಣದ್ದು, ನೋಡಿದರೆ ಕೋಟೆಯ ಬುರುಜಿನಿಂದ ಕಿತ್ತು ತಂದ ತೋಪಿನಂತಿತ್ತು.

"ನೋಡ್ರಿ ಸರ್ರ," ಅಲ್ಲಪ್ಪ ಸಣ್ಣದನ್ನು ಎತ್ತಿ ತೋರಿಸಿದ, "ಇದು ಮ್ಯಾಕ್ರೋ. ಒಂದು ಗೇಣಿನ ಮ್ಯಾಲಿಂದ ತಗದ್ರ ಪಾತರಗಿತ್ತಿ ಕಾಲಿನ ಕೂದಲಾ ಸೈತ ಎಣಸಬಹುದು. ಆದ್ರ ಸಪ್ಪಳಿಲ್ದಂಗ ಹತ್ರ ಹೋಗುವಂಥಾ ತಾಳ್ಮಿ ಬೇಕು. ಆ ಉದ್ದಂದು ಜೂಮ್. ದೂರ ನಿಂತ ಎಳಕೊಂತೈತಿ. ಆದ್ರ ಆರು ಫೂಟಿನ ಒಳಗ ಬಂದಿದ್ದು ಇದಕ್ಕ ಕಾಣಂಗಿಲ್ಲ, ಎಲ್ಲಾ ಮಸಕ. ನನ್ನ ಕೇಳಿದ್ರ ಸಣ್ಣದ ಒಯ್ರಿ."

ಆದರೆ ಅಲ್ಲಪ್ಪ ಯಾರಿಗೆ ಹೇಳುತ್ತಿದ್ದಾನೆ? ಮಾಲಿಂಗ ಆಗಲೇ ತೋಪನ್ನು ಕ್ಯಾಮೆರಾಕ್ಕೆ ಜೋಡಿಸಿ, ಮದುಮಗಳು ತಲೆ ಬಾಚಿಕೊಳ್ಳಲು ಇಟ್ಟಿದ್ದ ನಿಲುವುಗನ್ನಡಿಯ ಮುಂದೆ ನಿಂತಿದ್ದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ದಂಡು ಹೊರಡಿಸುವ ಸೇನಾಪತಿಯೇ ಕನ್ನಡಿಯಲ್ಲಿ ಕಂಡ!

"ಅಲ್ಲಪ್ಪಣ್ಣಾರು ಹೇಳೂದನ್ನ ಸ್ವಲ್ಪ ಕೇಳ್ರಿ," ಎಂದಳು ಭಾಗ್ಯಾ.

"ಕೇಳೂದೇನೈತಿ? ಹಂಡೇದಾಗ ತಂಬಿಗಿ ನೀರ ಹಿಡಿಯಂಗಿಲ್ಲೇನು? ದೊಡ್ಡದರಾಗ ಸಣ್ಣದರ ಕೆಲಸಾನೂ ಆಕ್ಕೈತಿ!"

ವಿಜ್ಞಾನದ ಮಾಸ್ತರೇ ಹೀಗಂದ ಮೇಲೆ ಅಲ್ಲಪ್ಪ ತೋಪಿನ ಬಾಯಿಗೆ ಮುಚ್ಚಳ ಹಾಕಿದ. "ಬುಧವಾರ ಒಂದು ಮದುವಿ ಐತ್ರಿ, ಅಷ್ಟರಾಗ ಕೊಡ್ರಿ. ನೀರ ಮುಟ್ಟಿಸಬ್ಯಾಡ್ರಿ," ಎಂದಷ್ಟೇ ಹೇಳಿ ಚೀಲದಲ್ಲಿ ಹಾಕಿ ಕೊಟ್ಟ.

ಮರುದಿನ ಶನಿವಾರ, ಅರ್ಧ ದಿನದ ಸಾಲಿ. ಮಧ್ಯಾಹ್ನ ಮನೆಗೆ ಬಂದ ಮಾಲಿಂಗ ಊಟಕ್ಕೂ ಕೂರದೆ ತೋಪು ಹಿಡಿದು ಹಿತ್ತಲಿಗಿಳಿದ. ನಿಂಬೆಗಿಡದ ಮೇಲೆ ಒಂದು ಚಿಟ್ಟೆ ಕೂತಿತ್ತು, ಕಪ್ಪು ರೆಕ್ಕೆಗೆ ಹಳದಿ ಚುಕ್ಕೆ ಇಟ್ಟುಕೊಂಡು ಸೀರೆ ಅಂಗಡಿಯ ಗೊಂಬೆಯಂತೆ! ಮಾಲಿಂಗ ಕಣ್ಣಿಟ್ಟ. ಮಸಕು. ಒಂದು ಹೆಜ್ಜೆ ಹಿಂದೆ ಸರಿದ. ಮಸಕು. ಇನ್ನೊಂದು ಹೆಜ್ಜೆ. ಇನ್ನೂ ಮಸಕು. ಅವನ ಹಿತ್ತಲು ಆರು ಅಡಿಯ ಜೂಮಿಗೆಂದು ಕಟ್ಟಿಸಿದ್ದಲ್ಲ, ಪಾತ್ರೆ ತೊಳೆಯಲು ಕಟ್ಟಿಸಿದ್ದು. ಕಣ್ಣು ಕೀಳದೆ ಮತ್ತೆರಡು ಹೆಜ್ಜೆ ಹಿಂದಿಟ್ಟ. ಚಿಟ್ಟೆ ಸ್ಪಷ್ಟವಾಯಿತು! ಅದೇ ಗಳಿಗೆಯಲ್ಲಿ ಅವನ ಬರಿಗಾಲಿನ ಕೆಳಗೆ ಏನೋ ಚರಚರ ಎಂದಿತು.

ವರ್ಷದ ಖಾರಕ್ಕೆಂದು ಭಾಗ್ಯಾ ಹಳೇ ಸೀರೆಯ ಮೇಲೆ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ!

ಮೊದಲು ಒಂದು ಸೀನು ಬಂತು. ಆಮೇಲೆ ಹದಿನೇಳು ಬಂದವು. ಸೀನುತ್ತ ಮಾಲಿಂಗ ಮೆಣಸಿನಕಾಯಿಯ ರಾಶಿಯ ಮೇಲೆ ಕುಣಿದ. ಕುಣಿದಷ್ಟೂ ಘಾಟು ಎದ್ದಿತು, ಘಾಟು ಎದ್ದಷ್ಟೂ ಕುಣಿದ. ಕಾಲಿಗಂಟಿದ ಬೀಜಗಳನ್ನು ಕೈಯಿಂದ ಒರೆಸಿ, ಅದೇ ಕೈಯಿಂದ ಬಲಗಣ್ಣನ್ನು ಉಜ್ಜಿದ. ಆಮೇಲೆ ಕೇಳಿದ ಕೂಗಿಗೆ ನಿಂಬೆಗಿಡದ ಚಿಟ್ಟೆಯಷ್ಟೇ ಅಲ್ಲ, ಓಣಿಯ ಕಾಗೆಗಳೆಲ್ಲ ಎದ್ದು ಹೋದವು.

ಭಾಗ್ಯಾ ಓಡಿ ಬಂದು ರಾಶಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ಕುಟ್ಟಸಾಕ ಮಿಶನ್ನಿಗೆ ಒಯ್ಬೇಕಂತ ಮಾಡಿದ್ನಿ. ಅರ್ಧಾ ನೀವ ಕುಟ್ಟೀರಿ. ಇನ್ನರ್ಧಾನೂ ಮುಗಿಸಿಬಿಡ್ರಿ!"

ಬಲಗಣ್ಣು ಬಾತು ಟೊಮ್ಯಾಟೊ ಆಯಿತು. ಮಾಲಿಂಗ ಎದೆಗುಂದಲಿಲ್ಲ. "ಇನ್ನೊಂದು ಕಣ್ಣೈತಲ್ಲ!" ಎಂದು ಭಾನುವಾರ ಬೆಳಿಗ್ಗೆ ಹೆಂಡತಿಯ ಜೊತೆ ಹುಕ್ಕೇರಿ ಕಡೆಯ ದಡ್ಡಿಗೆ ಬಸ್ಸು ಹತ್ತಿದ. ಅದು ಭಾಗ್ಯಾಳ ತವರು. ಘಟಪ್ರಭೆಯ ದಂಡೆಯಲ್ಲಿ, ದನ ನೀರು ಕುಡಿಯುವ ಕಡೆ ಚಿಟ್ಟೆಗಳು ಗುಂಪುಗುಂಪಾಗಿ ಕೂರುತ್ತವೆಂದು ಅವಳಪ್ಪ ಲಕ್ಕಪ್ಪ ಫೋನಿನಲ್ಲಿ ಹೇಳಿದ್ದ.

ಜೀವಮಾನವೆಲ್ಲ ಕುರಿ ಕಾಯ್ದ ಲಕ್ಕಪ್ಪ ಅಳಿಯನ ಹೆಗಲಿನ ಸಾಮಾನನ್ನು ಸುತ್ತು ಹಾಕಿ ನೋಡಿದ. "ಇದಕ್ಕ ಲೈಸನ್ಸ್ ಐತೇನ್ರಿ ಅಳಿಯಂದ್ರ?"

"ಲೆನ್ಸ್ ರಿ ಮಾವಾರ, ಇದು ಲೆನ್ಸ್!"

"ಅದನ್ನ ಕೇಳಾಕತ್ತೇನಿ. ಲೈಸನ್ಸ್ ಐತಿ ಇಲ್ಲ?"

"ಅಲ್ರಿ, ಪಾತರಗಿತ್ತಿ ಶೂಟ್ ಮಾಡಾಕ ತಂದೇನ್ರಿ."

ಲಕ್ಕಪ್ಪನ ಮುಖ ಸಣ್ಣಗಾಯಿತು. "ಅದೇನ್ ಮಾಡೇತ್ರಿ ನಿಮಗ, ಪಾಪ?"

ಹೊಳೆಯ ದಂಡೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು, ಮಾಲಿಂಗನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹಸಿ ಮಣ್ಣಿನ ಮೇಲೆ ನೂರಾರು ಚಿಟ್ಟೆಗಳು ಕೂತಿದ್ದವು. ಹಳದಿ, ಬಿಳಿ, ನೀಲಿ! ಅಳತೆ ಹಾಕಿ ಆರು ಅಡಿ ದೂರದಲ್ಲಿ ಮಂಡಿಯೂರಿ ಎಡಗಣ್ಣನ್ನು ಕ್ಯಾಮೆರಾಕ್ಕಿಟ್ಟ. ಅವನ ಅಲುಗಾಟಕ್ಕೆ ಬೆದರಿ ಚಿಟ್ಟೆಗಳೆಲ್ಲ ಒಮ್ಮೆಲೆ ಎದ್ದವು, ಒಂದು ಸುತ್ತು ಹಾಕಿದವು, ಮತ್ತೆ ಬಂದು ಕೂತವು. ಮಣ್ಣಿನ ಮೇಲಲ್ಲ, ಮಾಲಿಂಗನ ಮೇಲೆ! ಮೊಳಕೈ ಮೇಲೆ ಒಂದು, ಕಾಲರಿನ ಮೇಲೆ ಎರಡು. ಎಲ್ಲಕ್ಕಿಂತ ಚೆಂದದ್ದು ಲೆನ್ಸಿನ ತುದಿಯ ಮೇಲೇ ಕೂತು ರೆಕ್ಕೆ ಬಿಚ್ಚಿತು.

ಅದು ಮಸಕು. ಮಾಲಿಂಗ ಮೆಲ್ಲಗೆ ಎದ್ದು ಒಂದು ಹೆಜ್ಜೆ ಹಿಂದೆ ಸರಿದ. ಅವನ ಜೊತೆ ಲೆನ್ಸೂ ಸರಿಯಿತು, ಲೆನ್ಸಿನ ಜೊತೆ ಚಿಟ್ಟೆಯೂ ಸರಿಯಿತು! ಇನ್ನೊಂದು ಹೆಜ್ಜೆ ಸರಿದ. ಅದೂ ಬಂತು. ತನ್ನ ಕೈಯಲ್ಲೇ ಇರುವ ಚಿಟ್ಟೆಯಿಂದ ಆರು ಅಡಿ ದೂರ ಹೋಗಬೇಕೆಂದು ವಿಜ್ಞಾನದ ಮಾಸ್ತರು ಏಳು ಹೆಜ್ಜೆ ಹಿಂದೆ ನಡೆದ. ಎಡಗಣ್ಣು ಕ್ಯಾಮೆರಾದಲ್ಲಿ, ಬಲಗಣ್ಣು ಟೊಮ್ಯಾಟೊ. ಹಿಂದೆ ಎಮ್ಮೆಗಳು ಹೊರಳಿ ಎದ್ದು ಹೋದ ಹೊಂಡವಿರುವುದು ಕಾಣುವುದಾದರೂ ಯಾವ ಕಣ್ಣಿಗೆ?

ಪಚಕ್! ಸೊಂಟದವರೆಗೆ ಕೆಸರು. ಎರಡೂ ಕೈಯಲ್ಲಿ ಕ್ಯಾಮೆರಾವನ್ನು ನೆತ್ತಿಯ ಮೇಲೆ ಎತ್ತಿ ಹಿಡಿದ ಮಾಲಿಂಗ ಕಿರುಚಿದ, "ಮಾವಾರ, ಲೆನ್ಸ್! ಲೆನ್ಸ್!"

ಲಕ್ಕಪ್ಪ ಅವಸರವಿಲ್ಲದೆ ಬಂದ. ತನ್ನ ಉದ್ದನೆಯ ಬಡಿಗೆಯ ಕೊಕ್ಕೆಯನ್ನು ಕ್ಯಾಮೆರಾದ ಪಟ್ಟಿಗೆ ಸಿಕ್ಕಿಸಿ, ಮೇಲೆತ್ತಿ, ಮಗಳ ಕೈಗೆ ಕೊಟ್ಟ.

"ಯಪ್ಪಾ, ಅವರನ್ನ ಮೊದಲ ಎಳೀಬೇಕೋ ಬ್ಯಾಡೋ?" ಎಂದಳು ಭಾಗ್ಯಾ.

"ಅದು ಮಂದಿ ಸಾಮಾನವಾ. ಅಳಿಯ ನಮ್ಮಾಂವ ಅದಾನ, ಎಲ್ಲಿ ಹೋಗ್ತಾನ?"

ಎಲ್ಲಿಗೂ ಹೋಗುವಂತಿರಲಿಲ್ಲ. ಲಕ್ಕಪ್ಪ ಹಗ್ಗ ತರಲು ಹೊರಟ. ಅಲುಗಾಡದೆ ನಿಂತ, ಬೆವರು ಕೆಸರು ಬೆರೆತ ಮಾಲಿಂಗನ ಮೇಲೆ ಚಿಟ್ಟೆಗಳು ಒಂದೊಂದಾಗಿ ಇಳಿದವು. ತಲೆ, ಹೆಗಲು, ಕಿವಿ, ಮೀಸೆ ಯಾವುದನ್ನೂ ಬಿಡಲಿಲ್ಲ.

"ಅಲುಗಾಡಬ್ಯಾಡ್ರಿ!" ಎಂದಳು ಭಾಗ್ಯಾ. ಸೀರೆಗೆ ಕೆಸರು ತಾಗದಷ್ಟು ದೂರ ಒಣ ನೆಲದ ಮೇಲೆ ನಿಂತು, ಅಲ್ಲಪ್ಪ ಹೇಳಿದ್ದನ್ನು ನೆನೆದು ಕಣ್ಣಳತೆಯಲ್ಲೇ ಆರು ಫೂಟು ಲೆಕ್ಕ ಹಾಕಿದಳು, ಕ್ಯಾಮೆರಾ ಎತ್ತಿದಳು. ಕ್ಲಿಕ್, ಕ್ಲಿಕ್!

"ಅವು ಯಾಕ ಕುಂದ್ರತಾವು ಗೊತ್ತೈತೇನು?" ಮಾಲಿಂಗ ತುಟಿ ಅಲುಗಿಸದೆ ಗೊಣಗುತ್ತಲೇ ಪಾಠ ಶುರು ಮಾಡಿದ. "ಬೆವರಿನಾಗ ಉಪ್ಪಿನ ಅಂಶ..."

"ಬಾಯಿ ಮುಚ್ರಿ, ಮೀಸಿ ಮ್ಯಾಲಿಂದು ಹಾರತೈತಿ!"

ಸಂಜೆ ಮಿಂದು, ಮಾವನ ದೋತರ ಸುತ್ತಿಕೊಂಡು ಮಾಲಿಂಗ ಫೋಟೋ ನೋಡಲು ಕೂತ. ತಾನು ಒಂದು ಚೂರೂ ಕಾಣದ ಫೋಟೋ ಒಂದಾದರೂ ಇದ್ದೀತೆಂದು ಹುಡುಕಿದ. ಇರಲಿಲ್ಲ. ಭಾಗ್ಯಾ ಮೆಲ್ಲಗೆ ಅಂದಳು, "ನಾಚಿಕಿ ಅನ್ನಿಸಿದ್ರ ಅಳಿಸಿಬಿಡ್ರಿ. ನಾನೇನೂ ಅನ್ನಂಗಿಲ್ಲ."

ಅಳಿಸಲು ಬೆರಳಿಟ್ಟ. ಅಷ್ಟರಲ್ಲಿ ಹಿತ್ತಲಿನಲ್ಲಿ ಕಂಡಂಥದೇ ಒಂದು ನಿಂಬೆ ಚಿಟ್ಟೆಯ ಫೋಟೋ ಕಣ್ಣಿಗೆ ಬಿತ್ತು. ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ನಾಲಿಗೆಯನ್ನು ನೀಟಾಗಿ ಬಿಚ್ಚಿ, ಅವನ ಕಿವಿಯ ಹನಿ ಬೆವರನ್ನು ಅದು ಹೀರುತ್ತಿತ್ತು. ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ ಆ ನಾಲಿಗೆಯನ್ನು ಮಾಲಿಂಗ ಖರೆಖರೆ ಕಂಡದ್ದು ಅವತ್ತೇ. ಬೆರಳನ್ನು ಹಿಂದೆ ತೆಗೆದ.

ಸೋಮವಾರ ಲೆನ್ಸನ್ನು ಒಣ ಬಟ್ಟೆಯಲ್ಲಿ ಸುತ್ತಿ ಅಲ್ಲಪ್ಪನಿಗೆ ಮುಟ್ಟಿಸಿದ. ಅಲ್ಲಿಯೇ ಹತ್ತು ಫೋಟೋ ದೊಡ್ಡದಾಗಿ ಮಾಡಿಸಿ ಹೆಡ್ ಮೇಡಮ್ಮರ ಮೇಜಿನ ಮೇಲಿಟ್ಟು, "ಇವನ್ನ ತಗದಾಕಿ ನನ್ನ ಹೆಂಡ್ತಿ ರಿ. ಅಕಿ ಹೆಸರ ಹಾಕ್ರಿ," ಎಂದು ತಲೆ ತಗ್ಗಿಸಿ ಒಪ್ಪಿಕೊಂಡ. ಅನ್ನಪೂರ್ಣಾ ಮೇಡಂ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಚೀಟಿ ನಾನ ಬರೀತೇನಿ ಬಿಡ್ರಿ," ಎಂದರು.

ವಿಜ್ಞಾನ ದಿನದಂದು ಗೋಡೆಯ ಮುಂದೆ ನೂಕುನುಗ್ಗಲು. ಇಷ್ಟು ಮಂದಿ ತನ್ನ ಪ್ರದರ್ಶನಕ್ಕೆ ಬಂದರಲ್ಲ ಎಂದು ಮಾಲಿಂಗನಿಗೆ ಒಳಗೊಳಗೇ ಹಿಗ್ಗು. ಗುಂಪನ್ನು ಸರಿಸಿಕೊಂಡು ಮುಂದೆ ಹೋಗಿ, ಮೊದಲ ಫೋಟೋದ ಕೆಳಗೆ ಮೇಡಮ್ಮರ ಮುತ್ತಿನಂಥ ಅಕ್ಷರದಲ್ಲಿದ್ದ ಚೀಟಿಯನ್ನು ಓದಿದ:

"ಹೆಸರು: ನಿಂಬೆ ಚಿಟ್ಟೆ. ಛಾಯಾಗ್ರಹಣ: ಶ್ರೀಮತಿ ಭಾಗ್ಯಾ. ಆಹಾರ: ಹೂವಿನ ಮಕರಂದ, ಉಪ್ಪಿನ ಅಂಶ. ಆವಾಸಸ್ಥಾನ: ಮಾಲಿಂಗ ಸರ್ ಅವರ ಎಡಗಿವಿ."